ಒಂದೇ ನಂಬರಿಗೆ ಎರಡು ದಾರಿ: ಹೆಜ್ರಾನ್ ಒಗ್ವೆನೊ ಅವರ ಸೇವಾಜೀವನ

ಸರೋವರದ ನಡುವಿನ ನಮ್ಮ ರುಸಿಂಗಾ ದ್ವೀಪದಲ್ಲಿ ಫೋನೆಂದರೆ ಟವರು, ಟವರೆಂದರೆ ಮಾನ್ಯ ಹೆಜ್ರಾನ್ ಒಗ್ವೆನೊ ಅವರು ಎಂಬ ಮಾತು ಇಪ್ಪತ್ತೆರಡು ವರ್ಷಗಳಿಂದ ನಡೆದುಬಂದಿದೆ. ಸಿಡಿಲು ಬಡಿದಾಗಲೂ ಡೀಸೆಲ್ ಮುಗಿದಾಗಲೂ ಕರೆ ಕಡಿಯದಂತೆ ಕಾಯ್ದ, ಈಗ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಅಂತರ್ಜಾಲದ ಕರೆಯೆಂದರೆ ಮಾತ್ರ ಅಷ್ಟಕ್ಕಷ್ಟೆ. "ನಮ್ಮ ಕರೆ ಎಲ್ಲಿಗೆ ಹೋಯ್ತು ಅಂತ ನಮಗೆ ಗೊತ್ತಿರುತ್ತೆ. ನೆಟ್ ಕರೆ ನಮ್ಮ ಟವರ್ ಮೇಲೇ ಹೋದ್ರೂ ಯಾರ ಬಾಗಿಲು ತಟ್ತು ಅಂತ ಗೊತ್ತಾಗಲ್ಲ" ಎಂದು ಗೊಣಗುತ್ತಿದ್ದರು. ನಾವು ಕಿರಿಯರು ನಗುತ್ತಿದ್ದೆವು. ಅಜ್ವಾಂಗ್ ಎಂಬಾಕೆ ನಮ್ಮ ಕಚೇರಿಗೆ ಬಂದ ಮೇಲೆ ನಕ್ಕಿಲ್ಲ.

ಮೀನಿಗೆ ಹೋದ ಆಕೆಯ ಗಂಡ ಓಕೆಚ್‌ನ ದೋಣಿ ಮಗುಚಿ ಹನ್ನೊಂದು ದಿನವಾಗಿತ್ತು. ಹೆಣ ಸಿಗದಿದ್ದರೆ ಅದರ ಬದಲಿಗೆ ಯಾಗೊ ಮರದ ಉದ್ದನೆಯ ಕಾಯಿಯನ್ನು ಹೂಳುವುದು ನಮ್ಮ ಪದ್ಧತಿ, ಆಕೆ ಒಪ್ಪಿರಲಿಲ್ಲ. ಸಾದಾ ಕರೆ ಮಾಡಿದರೆ ಸ್ವಿಚ್ ಆಫ್. ಅದೇ ನಂಬರಿಗೆ ಅಂತರ್ಜಾಲದಲ್ಲಿ ಕರೆದರೆ ಪರದೆಯ ಮೇಲೆ 'ರಿಂಗಿಂಗ್' ಎಂದು ಬರುತ್ತಿತ್ತು.

"ನೀರೊಳಗೂ ಟವರ್ ಹಾಕಿದಾರೇನು ಅತ್ತಿಗೆ?" ಎಂದು ಜೊತೆಗಿದ್ದ ಮೈದುನ ಕುಟುಕಿದ.

"ಫೋನ್ ಸತ್ತಿದ್ರೆ ರಿಂಗ್ ಆಗುತ್ತಾ ಬಾಬಾ? ನೀವೇ ಹೇಳಿ" ಎಂದಳು ಅಜ್ವಾಂಗ್.

ಆಗುವುದಿಲ್ಲವೆಂದು ಒಗ್ವೆನೊ ಅವರಿಗೆ ಗೊತ್ತಿತ್ತು. ಆ ಫೋನು ಎಲ್ಲೋ ಎಚ್ಚರವಾಗಿದೆ. "ಹುಡುಕ್ತೀನಿ ಮಗಳೇ. ಅಲ್ಲಿವರೆಗೆ ಹೂಳೋದು ಬೇಡ" ಎಂದರು.

ದಡದ ಊರೂರು ಅಲೆದು ಆರನೆಯ ದಿನ ಒಂದು ಚಾರ್ಜಿಂಗ್ ಅಂಗಡಿಯಲ್ಲಿ ಅದನ್ನು ಪತ್ತೆಹಚ್ಚಿದರು. ಓಕೆಚ್ ಸಿಮ್ಮನ್ನು ಚಿಕ್ಕ ಫೋನಿಗೆ ಹಾಕಿಕೊಂಡು ನೀರಿಗಿಳಿದಿದ್ದ. ಚಾರ್ಜಿಗೆ ಬಿಟ್ಟುಹೋದ ಅವನ ದೊಡ್ಡ ಫೋನು, ಸಿಮ್ ಇಲ್ಲದಿದ್ದರೂ ಅಂತರ್ಜಾಲದಲ್ಲಿ ಅದೇ ನಂಬರು ಉಳಿದಿದ್ದರಿಂದ, ಅಂಗಡಿಯ ವೈಫೈ ಹಿಡಿದು, ಸದ್ದು ಮಾಡದೆ, ಹೆಂಡತಿಯ ಇನ್ನೂರಕ್ಕೂ ಹೆಚ್ಚು ಕರೆಗಳನ್ನು ನುಂಗಿಕೊಂಡು ಡಬ್ಬದಲ್ಲಿ ಕೂತಿತ್ತು. ಆಕೆಯ ಕರೆ ಬರುವುದು ಇದಕ್ಕೇ ಎಂದು ಖಚಿತಪಡಿಸಿಕೊಳ್ಳಲು ಒಗ್ವೆನೊ ಅವರು ಅದರ ಸದ್ದು ಏರಿಸಿ, ತಮ್ಮ ಫೋನಿನಿಂದಲೇ ಅದಕ್ಕೆ ನೆಟ್ ಕೊಟ್ಟು ನೋಡಿದರು. ಆಮೇಲೆ, ಆಕೆಗೆ ಹೇಗೆ ಹೇಳಲಿ ಎಂಬ ಸಂಕಟದಲ್ಲಿ ಆ ನೆಟ್ ಆರಿಸುವುದನ್ನೇ ಮರೆತು, ಎರಡನ್ನೂ ಕಿಸೆಗಿಳಿಸಿ ನಡೆದರು.

ಅಜ್ವಾಂಗಳ ಬೇಲಿ ದಾಟುವಾಗ ಓಕೆಚ್‌ನ ಫೋನು ಕಿಸೆಯಲ್ಲಿ ಹಾಡತೊಡಗಿತು. ಒಳಗೆ ಕೂತು ಗಂಡನ ನಂಬರಿಗೆ ಕರೆ ಮಾಡುತ್ತಿದ್ದ ಅಜ್ವಾಂಗ್, ಆ ಹಾಡು ಅಂಗಳದಲ್ಲೇ ಕೇಳಿ, "ಬಂದ್ರು! ಬಂದ್ರು!" ಎನ್ನುತ್ತ ಬರಿಗಾಲಲ್ಲಿ ಓಡಿಬಂದಳು. ಅಂಗಳದಲ್ಲಿ ನಿಂತಿದ್ದವರು ಒಗ್ವೆನೊ.

ತಮ್ಮ ಸೇವೆಯ ದೊಡ್ಡ ತಪ್ಪು ಇದೇ, ಇದನ್ನೂ ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಬರೆದಿದ್ದೇವೆ. ಅಂದು ಅವರು ನಿಂತಲ್ಲೇ ಎಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಮರುದಿನ ಯಾಗೊ ಕಾಯಿಯ ಮೇಲೆ ಮೊದಲ ಹಿಡಿ ಮಣ್ಣು ಹಾಕಿದವಳು ಅಜ್ವಾಂಗ್. ಅಂದಿನಿಂದ ವಾರಕ್ಕೊಮ್ಮೆ ಆಕೆಯ ಕ್ಷೇಮ ವಿಚಾರಿಸಿ ಬರುವುದನ್ನು ಅವರು ತಪ್ಪಿಸಿಲ್ಲ.

ಹಿರಿಯರು ನೂರ್ಕಾಲ ಬಾಳಲಿ, ಕಿರಿಯರ ತಪ್ಪು ತಿದ್ದುತ್ತಿರಲಿ ಎಂಬ ನಮ್ಮ ಹಾರೈಕೆಗೆ ಅಜ್ವಾಂಗ್ ತನ್ನದನ್ನೂ ಸೇರಿಸಿದ್ದಾಳೆ: "ಬಾಬಾ ಬೇಲಿ ದಾಟಿ ಬಂದಾಗೆಲ್ಲ ಒಂದು ಕ್ಷಣ ನಮ್ಮೋರೇ ಬಂದ್ರು ಅನ್ಸುತ್ತೆ. ಆ ಒಂದು ಕ್ಷಣಕ್ಕಾದ್ರೂ ಅವ್ರು ಬರ್ತಾ ಇರ್ಲಿ."