ಅಪ್ಪ ಗೇಟು ಎತ್ತದ ಭಾನುವಾರ

ನಾನು ಚಿಕ್ಕವಳಿದ್ದಾಗ ದೇವರಿದ್ದಾನೆಂಬುದಕ್ಕೆ ಸಾಕ್ಷಿ ಕೇಳುವವರು ಕಡಿಮೆ, ಸಾಕ್ಷಿ ತೋರಿಸುತ್ತೇನೆಂದು ಮೈಮೇಲೆ ಬೀಳುವವರೇ ಹೆಚ್ಚು. ಅಂಥವರೊಬ್ಬರ ಕಥೆ ಹೇಳುತ್ತೇನೆ, ಕೇಳಿ. ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನ ಬಗ್ಗೆ ನನಗೆ ಸಾಸಿವೆ ಕಾಳಿನಷ್ಟೂ ಗೌರವವಿಲ್ಲ. ಅಜ್ಜಿ ದೊಡ್ಡವರನ್ನು ಆಡಿಕೊಳ್ಳುತ್ತಾಳೆ ಎಂದು ನಿಮ್ಮ ಅಮ್ಮ ಸಿಟ್ಟಾಗಬಹುದು. ಆಗಲಿ ಬಿಡಿ.

ನಮ್ಮೂರು ಸಿಂಧನೂರಿಗೂ ಮಸ್ಕಿಗೂ ನಡುವೆ, ಕಾಲುವೆಯ ಪಕ್ಕದಲ್ಲಿತ್ತು. ಜೋಳ, ಹತ್ತಿ ಬಿಟ್ಟರೆ ಬೇರೇನೂ ಕಾಣದ ಕರಿಮಣ್ಣಿನ ಎರೆ ಹೊಲಗಳಿಗೆ ನೀರು ಬಂದು ಇನ್ನೂ ಕೆಲವೇ ವರ್ಷಗಳಾಗಿದ್ದವು. ಅಪ್ಪ ಆ ಕಾಲುವೆಯ ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್. ಖಾಕಿ ಚಡ್ಡಿ, ತಲೆಗೆ ಸುತ್ತಿದ ಟವೆಲ್ಲು, ಹೆಗಲ ಮೇಲೆ ತಿರುಗಿಸಿ ಗೇಟು ಎತ್ತುವ ಕಬ್ಬಿಣದ ಹಿಡಿಕೆ. ದೊಡ್ಡ ಕಾಲುವೆಯಿಂದ ನಮ್ಮೂರಿಗೆ ಒಂದು ಉಪಕಾಲುವೆ, ಕೆಳಗಿನ ಊರಿಗೆ ಇನ್ನೊಂದು. ಎರಡಕ್ಕೂ ಒಮ್ಮೆಲೇ ಬಿಡುವಷ್ಟು ನೀರು ಇರುತ್ತಿರಲಿಲ್ಲ. ಅದಕ್ಕೆ ಪಾಳಿ ಇಟ್ಟಿದ್ದರು, ವಾರದಲ್ಲಿ ನಾಲ್ಕು ದಿನ ಅವರಿಗೆ, ಮೂರು ದಿನ ನಮಗೆ. ಹಿಡಿಕೆ ಅಪ್ಪನ ಕೈಯಲ್ಲಿದ್ದುದರಿಂದ ಊರ ಗೌಡರೂ ಅವನನ್ನು ಕರೆದು ಬೀಡಿ ಕೊಡುತ್ತಿದ್ದರು. ಕೈಗೆ ಕೈ ತಾಗಬಾರದೆಂದು ಆ ಬೀಡಿಯನ್ನು ನೆಲಕ್ಕೆ ಎಸೆಯುತ್ತಿದ್ದರು. ಎಂಥ ದೊಡ್ಡ ಮನಸ್ಸು ನೋಡಿ!

ಅಪ್ಪ ಯೇಸುಸ್ವಾಮಿಯ ಕಡೆ ತಿರುಗಿದ್ದು ಸದ್ದಿಲ್ಲದೆ. ಲಿಂಗಸುಗೂರಿನ ಸಂತೆಯಲ್ಲಿ ಯಾರೋ ಅವನಿಗೊಂದು ಸಣ್ಣ ಸುವಾರ್ತೆಯ ಪುಸ್ತಕ ಕೊಟ್ಟಿದ್ದರು. ಅಪ್ಪನಿಗೆ ಓದು ಬಾರದು. ಸಂಜೆಯಾದರೆ ಅಕ್ಕ ಚಿಮಣಿ ಹಚ್ಚಿಕೊಂಡು ಓದುತ್ತಿದ್ದಳು, ಅಪ್ಪ ರೊಟ್ಟಿ ಮುರಿಯುತ್ತ, 'ಅದನ್ನ ಇನ್ನೊಮ್ಮೆ ಓದವ್ವ' ಎನ್ನುತ್ತಿದ್ದ. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ಆ ಮಾತೇ ಕೇಳಿಸುತ್ತದೆ. ಊರಿನವರು ಮಾತ್ರ 'ಮಿಶನ್ನಿನವರು ಹಂಚೋ ಹಾಲಿನ ಪುಡಿ ಆಸೆಗೆ ಕುಲ ಬಿಟ್ಟ' ಎಂದು ಆಡಿಕೊಂಡರು. ಒಂದು ಚಮಚ ಹಾಲಿನ ಪುಡಿಯೂ ನಮ್ಮ ಮನೆಗೆ ಬಂದದ್ದಿಲ್ಲ. ಬಂದಿದ್ದರೆ ನಾನೇ ಕದ್ದು ಮುಕ್ಕಿಬಿಡುತ್ತಿದ್ದೆ.

ಆಮೇಲೆ ಬಂದರು ನಮ್ಮ ಬೋಧಕರು. ದೂರದ ಪಟ್ಟಣದವರು. ಬೆಂಕಿಯಂಥ ಬಿಸಿಲಿನಲ್ಲೂ ಕರಿ ಕೋಟು, ತಲೆಗೆ ಕಿವಿಯವರೆಗೆ ಇಳಿಯುವಷ್ಟು ಎಣ್ಣೆ. ದೇವರಿದ್ದಾನೆ ಎನ್ನಲು ಅವರ ಬಳಿ ಏಳು ಕಾರಣಗಳಿದ್ದವು. ಬೆರಳು ಮಡಚಿ ಮಡಚಿ ಹೇಳುತ್ತಿದ್ದರು. ಮೊದಲನೆಯದಕ್ಕೆ ಕೋಟಿನ ತೋಳು ಸರಿಸಿ ಕೈಗಡಿಯಾರ ತೋರಿಸುತ್ತಿದ್ದರು. 'ಗಡಿಯಾರವಿದೆ ಎಂದ ಮೇಲೆ ಅದನ್ನು ಮಾಡಿದವನೊಬ್ಬ ಇರಲೇಬೇಕಲ್ಲವೇ? ಜಗತ್ತೂ ಹಾಗೆಯೇ.' ಆ ಗಡಿಯಾರವೋ ದಿನಕ್ಕೆ ಅರ್ಧ ತಾಸು ಹಿಂದೆ ಬೀಳುತ್ತಿತ್ತು. 'ಮಾಡಿದಾವ ಕೆಲಸ ಅರ್ಧಕ್ಕ ಬಿಟ್ಟು ಹೋಗ್ಯಾನ' ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಉಳಿದ ಆರು ಕಾರಣಗಳು ನನಗೆ ನೆನಪಿಲ್ಲ. ಐದನೆಯ ಬೆರಳಿಗೆ ಬರುವ ಹೊತ್ತಿಗೆ ಅವರಿಗೂ ಮರೆತುಹೋಗುತ್ತಿದ್ದವು.

ಅಪ್ಪನ ದೀಕ್ಷಾಸ್ನಾನ ಒಂದು ಭಾನುವಾರಕ್ಕೆ ಗೊತ್ತಾಯಿತು. ನಮ್ಮ ಉಪಕಾಲುವೆಯಲ್ಲಿ ಮುಳುಗಿಸಿ ಎತ್ತುವುದೆಂದು ಬೋಧಕರೇ ಊರಿಗೆಲ್ಲ ಹೇಳಿ ಹೋದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕಾಲುವೆಯೆಂದರೆ ಸದಾ ಹರಿಯುವ ಹೊಳೆ ಎಂದು ತಿಳಿದುಕೊಂಡಿದ್ದರು. ಶನಿವಾರ ಮಧ್ಯಾಹ್ನ ಬಂದು ಬಗ್ಗಿ ನೋಡಿದರೆ ತಳದಲ್ಲಿ ಒಂದು ಕಪ್ಪೆ ಒದ್ದೆಯಾಗುವಷ್ಟೂ ನೀರಿರಲಿಲ್ಲ. ಅಂದು ಕೆಳಗಿನ ಊರಿನ ಪಾಳಿ, ನಮ್ಮದು ಮಂಗಳವಾರದಿಂದ. ಬುದ್ಧಿಯಿದ್ದವರು ಮಂಗಳವಾರ ಬರುತ್ತೇನೆಂದು ಹೋಗುತ್ತಿದ್ದರು. ಇವರಿಗೆ ಎಂಟನೆಯ ಕಾರಣ ಹೊಳೆಯಿತು.

'ನಾಳೆ ಎಲ್ಲರ ಮುಂದೆ ನೀರಿಗಾಗಿ ಪ್ರಾರ್ಥನೆ ಮಾಡುತ್ತೇನೆ' ಎಂದು ಅಪ್ಪನಿಗೆ ಹೇಳಿದರು. 'ಆಮೆನ್ ಎಂದ ಕೂಡಲೇ ನಿನ್ನ ಚಿಕ್ಕ ಮಗಳು ಟವೆಲ್ಲು ಬೀಸಲಿ. ನೀನು ಗೇಟು ಎತ್ತು. ಒಣ ಕಾಲುವೆಯಲ್ಲಿ ನೀರು ಬಂದರೆ ಊರಿಗೆ ಊರೇ ನಂಬುತ್ತದೆ.'

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಮ್ಮ ಕಡೆ ಆಗ ಕೋಟು ತೊಟ್ಟವರ ಮುಂದೆ ಒಪ್ಪಿದರೂ ಸುಮ್ಮನಿರುವುದು, ಒಪ್ಪದಿದ್ದರೂ ಸುಮ್ಮನಿರುವುದು. ಬೋಧಕರು ಒಪ್ಪಿಗೆಯೆಂದೇ ತಿಳಿದು ಅವನ ಬೆನ್ನು ತಟ್ಟಿದರು.

ನನಗಂತೂ ಹಿಗ್ಗೋ ಹಿಗ್ಗು. ಶಾಲೆಗೆ ಹೋದರೆ ಸಾಕು, ಹುಡುಗರು 'ಹಾಲಿನಪುಡಿ, ಹಾಲಿನಪುಡಿ' ಎಂದು ಹಿಂದೆ ಬೀಳುತ್ತಿದ್ದರು. ನಾಳೆ ಅವರ ಬಾಯಿ ಮುಚ್ಚುತ್ತದೆ ಎಂದು ಕುಣಿದೆ.

'ಇದು ಕಳ್ಳಾಟ ಅಲ್ಲೇನಬೇ?' ಎಂದಳು ಅಕ್ಕ.

'ದೇವರ ಸಲುವಾಗಿ ಮಾಡಿದ್ರ ಕಳ್ಳಾಟ ಆಗಂಗಿಲ್ಲ' ಎಂದೆ. ಬೋಧಕರಿಗೆ ತಕ್ಕ ಶಿಷ್ಯೆ ನಾನು.

ಭಾನುವಾರ ದಂಡೆಯ ತುಂಬ ಜನ. ದೇವರನ್ನು ನೋಡಲು ಬಂದವರಲ್ಲ, ತಮಾಷೆ ನೋಡಲು ಬಂದವರು. ಹುರಿದ ಶೇಂಗಾ ತಿಂದು ಸಿಪ್ಪೆಯನ್ನು ಕಾಲುವೆಗೇ ಉಗಿಯುತ್ತಿದ್ದರು. ಗೌಡರಿಗೆ ಬೇವಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ತಳದಲ್ಲಿ ಸತ್ತ ಮೀನಿನ ನಾತ, ಬಿರಿದ ಎರೆ ಮಣ್ಣಿನಿಂದ ಮೇಲೇಳುವ ಝಳ. ಎರಡು ಹೊಲದಾಚೆ, ಜಾಲಿ ಗಿಡಗಳ ಮರೆಗೆ, ಗೇಟಿನ ಹತ್ತಿರ ಅಪ್ಪ ಒಬ್ಬನೇ ನಿಂತಿದ್ದು ದಂಡೆಯ ತುದಿಯಲ್ಲಿದ್ದ ನನಗೆ ಮಾತ್ರ ಕಾಣುತ್ತಿತ್ತು.

ಬೋಧಕರು ಕೋಟಿನ ಗುಂಡಿ ಹಾಕಿಕೊಂಡು ಶುರು ಮಾಡಿದರು. ನೆನಪಿಗೆ ಬಂದಷ್ಟು ಕಾರಣ ಹೇಳಿ, ಕೈ ಎತ್ತಿ, 'ಕರ್ತನೇ, ನೀನಿರುವುದು ನಿಜವಾದರೆ ಈ ಕ್ಷಣವೇ ನೀರು ಕಳುಹಿಸು, ಆಮೆನ್!' ಎಂದರು. ನಾನು ಟವೆಲ್ಲು ಬೀಸಿದೆ. ನೀರು ಬರಲಿಲ್ಲ. ಇನ್ನೂ ಜೋರಾಗಿ ಬೀಸಿದೆ. ಬೋಧಕರು ಮತ್ತೊಮ್ಮೆ ಪ್ರಾರ್ಥನೆ ಎತ್ತಿದರು. ಈ ಸಲ ಮುಖ ಆಕಾಶದ ಕಡೆಗಲ್ಲ, ಗೇಟಿನ ಕಡೆಗೆ. 'ಗೇಟು ತೆರೆ, ತಂದೆಯೇ! ಈಗಲೇ ತೆರೆ!' ಎಂದು ಕೂಗಿದರು. ಯಾವ ತಂದೆಗೆ ಹೇಳುತ್ತಿದ್ದಾರೆಂದು ನನಗೂ ಅಕ್ಕನಿಗೂ ಮಾತ್ರ ಗೊತ್ತಿತ್ತು. ನನ್ನ ರಟ್ಟೆ ಸೋತುಹೋಯಿತು. ಜನ ಕೇಕೆ ಹಾಕತೊಡಗಿದರು. ನನಗೆ ಅಪ್ಪನ ಮೇಲೆ ಅಳು ಬರುವಷ್ಟು ಸಿಟ್ಟು ಬಂತು.

ಆಗ ಒಣ ಕಾಲುವೆಯ ನಡುವೆ ಅಪ್ಪ ನಡೆದು ಬಂದ. ಹೆಗಲ ಮೇಲೆ ಹಿಡಿಕೆ. ನಮ್ಮೆಲ್ಲರ ಕೆಳಗೆ ನಿಂತು, ಮುಖದ ಬೆವರು ಒರೆಸಿಕೊಂಡು, 'ನೀರು ಬರಂಗಿಲ್ರೀ' ಎಂದ. 'ಇವತ್ತು ಕೆಳಗಿನ ಊರಾವರ ಪಾಳಿ ಐತಿ. ಈ ಬೋಧಕ ಅಯ್ಯನೋರು ಎತ್ತು ಅಂದಿದ್ರು. ನಾ ಗೇಟ್ ಎತ್ತಿಲ್ಲ.'

ಬೋಧಕರ ಮುಖ ಕೋಟಿಗಿಂತ ಕರಿದಾಯಿತು. 'ದೇವರ ಕೆಲಸಕ್ಕೆ ಒಂದು ಗೇಟು ಎತ್ತಲಾರೆಯಾ?' ಎಂದು ಹಲ್ಲು ಕಚ್ಚಿ ಕೇಳಿದರು.

'ದೇವರ ಕೆಲಸ ದೇವರ ಮಾಡ್ಕೋತಾನ್ರೀ. ನಂದು ಗೇಟಿನ ಕೆಲಸ.'

ಗೌಡರು ಕುರ್ಚಿಯಲ್ಲೇ ಹೊಟ್ಟೆ ಕುಲುಕಿಸಿ ನಕ್ಕರು. 'ಹಂಗಾರ ನಿನ್ನ ದೇವರು ಇಲ್ಲ ಅಂತ ಆತಲ್ಲಲೇ! ಹೇಳು, ಯಾ ಕಾರಣಕ್ಕ ನಂಬೀಯಲೇ ನೀ?'

ಅಪ್ಪ ಉತ್ತರ ಕೊಡದಿದ್ದರೆ ಇಡೀ ಊರು ಸಾಯುವವರೆಗೆ ಅವನನ್ನು ನಗುತ್ತದೆ ಎಂದು ನನಗೆ ಗೊತ್ತಿತ್ತು. ಕೊಟ್ಟರೆ ಏನಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

'ಹೋದ ವರ್ಷ ನೀವು ಎತ್ತಂದ್ರಿ ಗೌಡ್ರ. ಪಾಳಿ ಇಲ್ಲದ ದಿನ ಎತ್ತಿ ನಿಮ್ಮ ಹೊಲಕ್ಕ ನೀರು ಬಿಟ್ಟೆ. ಕೆಳಗಿನ ಊರಾಗ ಶೇಂಗಾ ಒಣಗಿ ಹೋತು. ಅವತ್ತು ನಾ ಹೊಟ್ಟಿ ತುಂಬ ಉಂಡು ಮಲಗಿದ್ನಿ, ಏನೂ ಅನಿಸಲಿಲ್ಲ. ಇವತ್ತು ಎತ್ತಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ, ದೇವರ ಕಳಿಸ್ಯಾನ ಅಂತ ಎಲ್ಲಾರೂ ಕೈ ಮುಗೀತಿದ್ರಿ. ಅಯ್ಯನೋರು ಹೇಳ್ಯಾರ, ಮಗಳು ಟವೆಲ್ ಬೀಸಾಕತ್ತಾಳ, ಹಿಡಿಕಿ ಕೈಯಾಗ ಐತಿ. ಆದ್ರ ಕೈ ತಿರುಗಲಿಲ್ರೀ. ಆ ಕೈ ಹಿಡಿದಾವ ಯಾರಂತ ನನಗ ಗೊತ್ತೈತಿ.'

ಅಷ್ಟೇ ಹೇಳಿ ಅಪ್ಪ ದಂಡೆ ಹತ್ತಿದ. ಗೌಡರ ನಗು ಎಲ್ಲಿ ಹೋಯಿತೋ, ನೀರು ಕದ್ದ ಮುಖ ಎತ್ತಿಕೊಂಡು ಕುರ್ಚಿಯಿಂದ ಎದ್ದರು. ಶೇಂಗಾ ತಿನ್ನುತ್ತಿದ್ದವರು ಒಬ್ಬೊಬ್ಬರೇ ಜಾರಿದರು. ಕಳ್ಳತನ ಅವರಿಗೂ ಹೊಸ ಸುದ್ದಿಯೇನಲ್ಲ, ಹೇಳುವ ಎದೆ ಇರಲಿಲ್ಲ ಅಷ್ಟೇ. ಬೋಧಕರು 'ಈ ಮನುಷ್ಯನ ವಿಶ್ವಾಸ ಇನ್ನೂ ಬಲಿತಿಲ್ಲ' ಎಂದು ತೀರ್ಪು ಕೊಟ್ಟು, ದೀಕ್ಷಾಸ್ನಾನ ಕೊಡದೆಯೇ ಮಧ್ಯಾಹ್ನದ ಬಸ್ಸು ಹತ್ತಿದರು. ಅವರ ಗಡಿಯಾರವನ್ನು ನಂಬಿ ಹೋಗಿದ್ದರೆ ಅದೂ ತಪ್ಪಿರುತ್ತಿತ್ತು.

ತಿಂಗಳೊಳಗೆ ಅಪ್ಪನನ್ನು ಗೇಟಿನ ಕೆಲಸದಿಂದ ತೆಗೆದು ದೂರದಲ್ಲಿ ಹೂಳೆತ್ತುವ ಕೆಲಸಕ್ಕೆ ಹಾಕಿದರು. ಯಾರು ಮಾತಾಡಿ ಹಾಕಿಸಿದ್ದೆಂದು ಕೇಳಬೇಡಿ. ದಿನಾ ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದ. ನಾಲ್ಕು ವರ್ಷದ ಮೇಲೆ ಒಬ್ಬ ಮುದುಕ ಬೋಧಕರು, ಕೋಟಿಲ್ಲದವರು, ನಮ್ಮ ಅಂಗಳದಲ್ಲೇ ಒಂದು ಕೊಡ ನೀರಿನಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಕಾರಣ ಎಷ್ಟಿವೆ ಎಂದು ಅವರು ಕೇಳಲೂ ಇಲ್ಲ, ಅಪ್ಪ ಹೇಳಲೂ ಇಲ್ಲ.

ನಿಮಗೆ ಈಗ ನಲ್ಲಿ ತಿರುಗಿಸಿದರೆ ನೀರು, ಬೆರಳು ಒತ್ತಿದರೆ ದೇವರು. ಮೋಡದಲ್ಲಿ ಶಿಲುಬೆ ಕಂಡಿತಂತೆ, ಹತ್ತು ಜನಕ್ಕೆ ಕಳಿಸಿದರೆ ಒಳ್ಳೆಯದಾಗುತ್ತದಂತೆ. ಫೋನು ನನ್ನ ಮೂಗಿಗೆ ಹಿಡಿದು 'ಅಜ್ಜಿ, ನೋಡು ಸಾಕ್ಷಿ' ಎನ್ನುತ್ತೀರಿ. ಥೂ, ಆ ಬೋಧಕರು ಸತ್ತಿಲ್ಲ, ಫೋನಿನೊಳಗೆ ಹೊಕ್ಕು ಕೂತಿದ್ದಾರೆ. ಆದರೆ ಮೊನ್ನೆ ಪರೀಕ್ಷೆಯಲ್ಲಿ ಮುಂದಿನವನ ಉತ್ತರವೆಲ್ಲ ಕಾಣುತ್ತಿದ್ದರೂ ಬರೆಯದೆ, ಕಡಿಮೆ ಅಂಕ ತಂದು ಅಳುತ್ತ ಕೂತೆಯಲ್ಲ, ಚಿಕ್ಕವನೇ. 'ಕಾಣ್ತಿತ್ತು ಅಜ್ಜಿ, ಆದ್ರ ಬರೀಲಿಕ್ಕೆ ಆಗಲಿಲ್ಲ, ಯಾಕಂತ ಗೊತ್ತಿಲ್ಲ' ಎಂದೆ ನೀನು. ನಿಮ್ಮ ಅಪ್ಪ ನಿನ್ನನ್ನು ದಡ್ಡ ಎಂದು ಬೈದ. ನಾನು ನಿನ್ನ ಕೈ ಹಿಡಿದುಕೊಂಡು ಕೂತೆ. ಸಣ್ಣ ಕೈ, ಬೆರಳಿಗೆಲ್ಲ ಶಾಯಿ. ಅರವತ್ತು ವರ್ಷದ ಮೇಲೆ, ಆ ಕೈಯಲ್ಲಿ, ನನ್ನ ಅಪ್ಪ ಮನೆಗೆ ಬಂದಿದ್ದ.