ಗೆದ್ದವನು ಏಳಬಾರದು

ಎಪ್ಪತ್ತರ ದಶಕದ ಆರಂಭ. ಆಗ ನನ್ನ ಉದ್ಯೋಗ ಇಸ್ಪೀಟು. ನಗಬೇಡಿ, ವಾಡಿ, ಶಹಾಬಾದ, ಚಿತ್ತಾಪುರಗಳಲ್ಲಿ ಮೂರೆಲೆ ಆಡಿಯೇ ನಾನು ಎಷ್ಟೋ ವರ್ಷ ಮನೆ ನಡೆಸಿದ್ದೇನೆ. ಒಳ್ಳೆಯ ಎಲೆ ಯಾರಿಗಾದರೂ ಬರುತ್ತದೆ. ಎದುರಿನವನು ಯಾವಾಗ ಹೆದರುತ್ತಾನೆ, ತಾನು ಯಾವಾಗ ಏಳಬೇಕು ಎಂಬುದು ಗೊತ್ತಿದ್ದವನಿಗೆ ಮಾತ್ರ ಅದು ಅನ್ನ ಹಾಕುತ್ತದೆ.

ಆ ವರ್ಷ ನಾಗರ ಪಂಚಮಿಗೆ ಭಂಕೂರದ ಕಲ್ಲುಗಣಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮನ ಪಡಸಾಲೆಯಲ್ಲಿ ಆಟ ಕೂಡಿತ್ತು. ಪಂಚಮಿಯ ಜೂಜನ್ನು ನಮ್ಮ ಕಡೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಆ ಪಡಸಾಲೆಗೊಂದು ಕಟ್ಟಳೆಯಿತ್ತು: ಗೆದ್ದವನು ತಾನಾಗಿ ಏಳಬಾರದು. ಸೋತವರು ಸಾಕೆನ್ನಬೇಕು, ಇಲ್ಲವೇ ಅವನೂ ಸೋಲಬೇಕು. ಗೆದ್ದದ್ದನ್ನು ಬಿಟ್ಟು ಹೋದರೆ ಸೋತವರಿಗೆ ಭಿಕ್ಷೆ ಹಾಕಿದಂತೆ. ಅದು ಇನ್ನೂ ದೊಡ್ಡ ಅಪಮಾನ.

ಟಾಂಗಾ ಹೊಡೆಯುವ ಮಲ್ಲಪ್ಪ ವರ್ಷಕ್ಕೊಮ್ಮೆ ಆಡುವವನು. ಅಂದು ಅವನೇ ಗೆಲ್ಲುತ್ತಿದ್ದ. ಮಧ್ಯಾಹ್ನ ಅವನ ಅಕ್ಕ ಬಾಗಿಲಿಗೆ ಬಂದಳು.

"ತಮ್ಮಾ, ನಿನ್ ಹೇಣ್ತಿಗಿ ಹೆರಿಗಿ ಬ್ಯಾನಿ ಜೋರಾಗ್ಯಾದ. ಟಾಂಗಾ ಹೂಡು, ಶಹಾಬಾದಿ ದವಾಖಾನಿಗಿ ಒಯ್ಯಾಮು."

ಆ ಕುದುರೆ ಬೇರೆಯವರ ಕೈಗೆ ಬಗ್ಗುತ್ತಿರಲಿಲ್ಲ. ಮಲ್ಲಪ್ಪ ಏಳಹೋದ. ಸೋತು ಕುದಿಯುತ್ತಿದ್ದ ಮುಕಾದಮ, "ಬ್ಯಾನಿ ಅಂದ್ರ ಹೊತ್ತು ಹಿಡಿತದ. ಗೆದ್ದಾಂವ ಎದ್ದು ಹೋಗೂದು ಎಲ್ಲ್ಯಾರ ಅದ ಏನು? ಕುಂದುರು" ಎಂದ. ಮಲ್ಲಪ್ಪನ ಟಾಂಗಾಕ್ಕೆ ಗಣಿಯಿಂದ ಸಿಗುವ ಬಾಡಿಗೆಗಳೆಲ್ಲ ಅವನ ಕೈಯಲ್ಲಿದ್ದವು. ಮಲ್ಲಪ್ಪ ಕುಳಿತ.

ಆಮೇಲೆ ಅವನು ಬ್ಲೈಂಡ್ ಆಡತೊಡಗಿದ. ಅಂದರೆ ಎಲೆ ನೋಡದೆಯೇ ಹಣ ಹಾಕುವುದು. ಬೇಕೆಂದೇ ಎಲೆ ಬಿಟ್ಟುಕೊಟ್ಟರೆ ಅದೂ ಭಿಕ್ಷೆಯೇ ಆಗುತ್ತಿತ್ತು; ಬೇಗ ಸೋತು ಏಳುವ ದಾರಿ ಅದೊಂದೇ. ಆದರೆ ಹೆದರದವನ ಎದುರು ಯಾರೂ ನಿಲ್ಲುವುದಿಲ್ಲ. ಇವನ ನಸೀಬು ಕುದುರಿದೆ ಎಂದು ಒಬ್ಬೊಬ್ಬರೇ ಎಲೆ ಕೆಳಗಿಟ್ಟರು. ಸೋಲಲು ಹಾಕಿದ ಹಣ ತಿರುಗಿ ಅವನ ಮುಂದೆಯೇ ಬಂದು ಬೀಳುತ್ತಿತ್ತು.

ಹುಚ್ಚಪ್ಪಗಳಿರಾ, ಅವನು ಸೋಲಲೆಂದೇ ಆಡುತ್ತಿದ್ದಾನೆ ಎಂದು ಕೂಗಬೇಕೆನಿಸಿತು. ಅದರ ಬದಲು, ನನ್ನ ಕೈಗೆ ರಾಜನ ಜೋಡಿ ಬಂದಾಗ, ಅವನನ್ನು ಸೋಲಿಸಿ ಎಬ್ಬಿಸಲು ನಾನೇ ಎದುರು ನಿಂತೆ. ಅವನ ಮುಂದಿನ ರಾಶಿ ಪೂರ್ತಿ ನಡುವೆ ಬರುವ ತನಕ ಪಣ ಏರಿಸಿದೆ. ಅವನ ಕಣ್ಣು ನನ್ನ ಮೇಲಿತ್ತು. ಅಷ್ಟು ಆಸೆಯಿಂದ ತನ್ನ ಸೋಲಿಗೆ ಕಾದವನನ್ನು ನಾನು ಮತ್ತೆ ಕಂಡಿಲ್ಲ. ಶೋ ಕೇಳಿದೆ. ಅವನು ಎಲೆ ತಿರುವಿದ. ಆರು, ಏಳು, ಎಂಟು. ಸಾಲು ಬಿದ್ದರೆ ಜೋಡಿ ಸೋತಂತೆಯೇ.

"ಅಯ್ಯ, ಯಾಕ್ ಬರಲಕತ್ತ್ಯಾವೋ ಇವು" ಎಂದು ಮಲ್ಲಪ್ಪ ಗಳಗಳ ಅತ್ತ.

ಅಷ್ಟರಲ್ಲಿ ಅಕ್ಕ ಮತ್ತೆ ಬಂದಳು. ಈ ಸಲ ಕರೆಯಲಿಲ್ಲ, ಹೊಸ್ತಿಲ ಮೇಲೆ ಕುಸಿದಳು.

"ಇನ್ನ ಟಾಂಗಾ ಬ್ಯಾಡ ತಮ್ಮಾ. ತಾಯಿ ಮಗು ಎರಡೂ ಹೋದ್ವು."

ಮುಕಾದಮ ತಲೆ ತಗ್ಗಿಸಿ, "ಏಳಪಾ, ಹೋಗು" ಎಂದ. ಮಲ್ಲಪ್ಪನಿಗೆ ಏಳಲಾಗಲಿಲ್ಲ. ನಾವೇ ರಟ್ಟೆ ಹಿಡಿದು ಎಬ್ಬಿಸಿದೆವು. ಹಣ ಚಾಪೆಯ ಮೇಲೆಯೇ ಉಳಿಯಿತು. ಯಾರೂ ಅದನ್ನು ಅಪಮಾನ ಎನ್ನಲಿಲ್ಲ.

ನಾನು ಅನ್ನ ತಿಂದ ಕಸುಬನ್ನು ಬೈಯಲಾರೆ. ಅಪಾಯವನ್ನು ಅಳೆಯಬಹುದು, ನಸೀಬಿಗೆ ಕಾಯಬಹುದು; ಏಳಲು ಬಿಡದ ಚಾಪೆಯ ಮುಂದೆ ಎರಡೂ ದಂಡ. ಅಂದಿನಿಂದ ಎಲ್ಲಿಗೆ ಹೋದರೂ ಎಲೆ ಮುಟ್ಟುವ ಮೊದಲು, "ಗೆದ್ದಾಂವ ಏಳಬಹುದೇನ್ರಿ?" ಎಂದು ಕೇಳುತ್ತಿದ್ದೆ. ಜನ ನಗುತ್ತಿದ್ದರು. ಉತ್ತರ ಬರುವ ತನಕ ನಾನು ಚಪ್ಪಲಿ ಬಿಡುತ್ತಿರಲಿಲ್ಲ.