ಇಸೊಕಿಚಿಗೆ ಬಿದ್ದ ಓಟು

ಟೊಬಿಉರಾದ ಪೇಟೆಯಲ್ಲಿ ನಿಂತು 'ಮೇಷ್ಟ್ರೇ' ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ ಹೇಳುವುದು ಕಷ್ಟ. ಪಾಠ ಹೇಳುವವರು ಮೇಷ್ಟ್ರು, ಸೂಜಿ ಚುಚ್ಚುವ ಡಾಕ್ಟರು ಮೇಷ್ಟ್ರು, ಕಾದಂಬರಿ ಬರೆಯುವವರು ಮೇಷ್ಟ್ರು, ನಡು ಬಗ್ಗಿಸಿ ಓಟು ಕೇಳುವವರೂ ಮೇಷ್ಟ್ರೇ. ಹೊಸೊಮಿ ಶುಂಜಿ ಮೊದಲು ಕಾದಂಬರಿಯ ಮೇಷ್ಟ್ರಾಗಿದ್ದರು, ಆಮೇಲೆ ಓಟಿನ ಮೇಷ್ಟ್ರಾದರು. ಜನ ಕರೆಯುವ ರೀತಿ ಮಾತ್ರ ಹಾಗೇ ಉಳಿಯಿತು ನೋಡಿ, ತಾನು ಬದಲಾದದ್ದು ಯಾವಾಗ ಎಂದು ಪಾಪ ಆ ಮನುಷ್ಯನಿಗೇ ತಿಳಿಯಲಿಲ್ಲ.

ಹೊಟ್ಟೆಪಾಡಿಗೆ ಅವರು ಮೀನುಗಾರರ ಸಂಘದಲ್ಲಿ ಗುಮಾಸ್ತರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಒಂದು ವಾಕ್ಯ ಸರಿಹೋಗದಿದ್ದರೆ ಹೆಂಡತಿ ರಿಟ್ಸು ಮುಂದಿಟ್ಟ ಸಾರು ತಣ್ಣಗಾದರೂ ಮುಟ್ಟುತ್ತಿರಲಿಲ್ಲ. ಅವರಿಗೆ ಹೆಸರು ತಂದುಕೊಟ್ಟ ಕಾದಂಬರಿ ಎದುರಿನ ನಬೆಶಿಮಾ ದ್ವೀಪಕ್ಕೆ ದೋಣಿ ನಡೆಸುತ್ತಿದ್ದ ಇಸೊಕಿಚಿಯದು. ಇಸೊಕಿಚಿ ನಿಜವಾಗಿ ಇದ್ದವರೇ. ಶುಂಜಿ ಚಡ್ಡಿ ಹಾಕಿಕೊಂಡು ಅವರ ದೋಣಿಯ ಮೂತಿಯ ಮೇಲೆ ಕೂತು ಬೆಳೆದವರು. ಇಸೊಕಿಚಿ ತೀರಿಕೊಂಡ ಮೇಲೆ ಅವರ ಹೆಂಡತಿ ಕಿನುಯೊ ಹತ್ತಿರ ಹೋಗಿ ಹೆಸರು ಬಳಸಿಕೊಳ್ಳಲು ಅಪ್ಪಣೆ ಕೇಳಿದರು. ಬಳಸಿಕೋ, ಆದರೆ ಪುಸ್ತಕದಲ್ಲಿ ಮಾತ್ರ ಸಾಯಿಸಬೇಡ ಎಂದಿದ್ದಳು ಆಕೆ. ಹಾಗಾಗಿ ಕಾದಂಬರಿಯಲ್ಲಿ ಇಸೊಕಿಚಿ ಬದುಕಿಯೇ ಇದ್ದರು. ಪುರಸಭೆ ಕಚೇರಿಯವರು ದೋಣಿ ನಿಲ್ಲಿಸಲು ಬಂದಾಗ ಕಟ್ಟೆಯ ಮೇಲೆ ಅಡ್ಡ ಕೂತು, ಒಬ್ಬರನ್ನೂ ದಾಟಗೊಡಲಿಲ್ಲ. ಜಿಲ್ಲೆಯ ಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂದಾಗ ಊರಿಗೆ ಊರೇ ಓದಿತು.

ಕೆಲವು ವರ್ಷಕ್ಕೆ ಕಚೇರಿಯವರ ಕಣ್ಣು ನಿಜವಾಗಿಯೂ ಆ ದೋಣಿಯ ಮೇಲೆ ಬಿತ್ತು. ಸಾಕೆ ಎಂಬ ಅಕ್ಕಿಮದ್ಯದ ಅಂಗಡಿಯ ಮುರೊಯ್ ಒಂದು ಸೀಸೆ ಹಿಡಿದುಕೊಂಡು ಮನೆಗೇ ಬಂದ. ದೋಣಿ ಉಳಿಸೋದು ಹೇಗೆ ಅಂತ ಬರೆದವರು ನೀವೇ, ಪುರಸಭೆಗೆ ನಿಲ್ಲಬೇಕಾದವರೂ ನೀವೇ ಎಂದು ಗಂಟುಬಿದ್ದ. ಅಯ್ಯೋ, ಅದು ಬರೆದದ್ದು ಮಾರಾಯ, ಮಾಡಿದ್ದಲ್ಲ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಯ ನಲ್ಲಿ ಸೋರಿದರೆ ರಿಪೇರಿ ಮಾಡಿಸೋಕೆ ಇವರಿಗೆ ಎರಡು ವರ್ಷ ಬೇಕು, ದೋಣಿ ಉಳಿಸ್ತಾರಂತೆ ಎಂದು ರಿಟ್ಸು ಒಳಗಿನಿಂದಲೇ ಚುಚ್ಚಿದಳು. ಅದಕ್ಕಾದರೂ ನಿಲ್ಲಬೇಕೆನಿಸಿತು.

ಓಟಿಗೆ ನಿಂತವರ ವಾಡಿಕೆಯಂತೆ ಇವರ ಕೈಗೆ ಬಿಳಿ ಗ್ಲೌಸು ಹಾಕಿ ಧ್ವನಿವರ್ಧಕದ ವ್ಯಾನು ಹತ್ತಿಸಿದರು. ನಮ್ಮಲ್ಲಿ ಓಟಿನ ಚೀಟಿಯ ಮೇಲೆ ಹೆಸರನ್ನು ಜನರೇ ಪೆನ್ಸಿಲ್ಲಿನಲ್ಲಿ ಬರೆಯಬೇಕು, ಹಾಗಾಗಿ ಪ್ರಚಾರವೆಂದರೆ ಹೆಸರನ್ನು ಕಿವಿಗೆ ತುರುಕುವುದು. ಒಂದು ವಾಕ್ಯಕ್ಕೆ ಒಂದು ಬೆಳಗು ಕೊಡುತ್ತಿದ್ದವರು ಓಣಿಓಣಿಯಲ್ಲಿ 'ಹೊಸೊಮಿ, ಹೊಸೊಮಿ' ಎಂದು ತಮ್ಮ ಹೆಸರನ್ನೇ ಅರಚಿಕೊಂಡು ಹೋದರು. ತಮ್ಮ ಹೆಸರು ಎರಡನೇ ದಿನಕ್ಕೇ ಬೇರೆ ಯಾರದೋ ಅನ್ನಿಸಿತಂತೆ. ಆದರೂ ಗೆದ್ದರು. ದ್ವೀಪದವರ ಚೀಟಿಯಲ್ಲಿ ಅವರ ಹೆಸರು ಬಿಟ್ಟು ಬೇರೆ ಹೆಸರೇ ಇರಲಿಲ್ಲ.

ಎಡವಟ್ಟಾದದ್ದು ಒಂದು ಪದದಿಂದ. ಸಭೆಯ ಮುಂದೆ 'ದೋಣಿ ಸಂಚಾರದ ಮರುಪರಿಶೀಲನೆ' ಎಂಬ ಠರಾವು ಬಂತು. ಒಪ್ಪುವವರು ಎದ್ದು ನಿಲ್ಲಬೇಕು. ಬರೆದದ್ದನ್ನು ಮತ್ತೆ ಮತ್ತೆ ನೋಡುವುದೇ ಅವರ ಜೀವಮಾನದ ಕಸುಬು. ಮತ್ತೆ ನೋಡಿದ ಹಸ್ತಪ್ರತಿ ಒಳ್ಳೆಯದಾಗುತ್ತದೆಯೇ ಹೊರತು ಕೆಡುವುದಿಲ್ಲ. ದೋಣಿಯ ವಿಷಯವನ್ನೂ ಮತ್ತೆ ನೋಡಲಿ, ಒಳ್ಳೆಯದೇ ಆಯಿತು ಎಂದು ಎಲ್ಲರಿಗಿಂತ ಮೊದಲು ಎದ್ದು ನಿಂತರು. ಕಚೇರಿಯ ಬಾಯಲ್ಲಿ ಮರುಪರಿಶೀಲನೆ ಅಂದರೆ ಕತ್ತರಿ ಎಂದು ಊರಿಗೆಲ್ಲ ಗೊತ್ತು, ಪದಗಳನ್ನೇ ಉಂಡು ಬದುಕಿದ ಈ ಮನುಷ್ಯನಿಗೆ ಗೊತ್ತಿರಲಿಲ್ಲ! ಮುಂದಿನ ತಿಂಗಳಿನಿಂದ ಸಂಜೆಯ ದೋಣಿ ನಿಂತಿತು.

ಅವರು ದಿಕ್ಕುತೋಚದೆ ಕಚೇರಿಗೆ ಓಡಿದರು. ನೀವೇ ಎದ್ದು ನಿಂತಿರಲ್ಲ ಮೇಷ್ಟ್ರೇ ಎಂದು ಅಧಿಕಾರಿ ನಗುತ್ತಾ ಚಹಾ ತರಿಸಿದ. ದ್ವೀಪದವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎದುರು ಸಿಕ್ಕರೆ ಅವರು ಮೊದಲಿನ ಹಾಗೆಯೇ ತಲೆ ಬಾಗಿಸಿ, ನಿಮಗೆ ತುಂಬ ಶ್ರಮ ಮೇಷ್ಟ್ರೇ ಎಂದು ಮುಂದೆ ಹೋಗುತ್ತಿದ್ದರು. ಬೇಜಾರಾಗಿದೆಯೋ ಇಲ್ಲವೋ, ಕ್ಷಮಿಸಿದ್ದಾರೋ ಮರೆತಿದ್ದಾರೋ, ಒಂದೂ ಅರ್ಥವಾಗಲಿಲ್ಲ. ಇನ್ನೊಂದು ಸಲ ಗೆದ್ದರೆ ಆ ದೋಣಿಯನ್ನು ಮರಳಿ ತಂದೇ ತರುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡರು.

ಮುಂದಿನ ಚುನಾವಣೆಯಲ್ಲಿ ಕೊನೆಯ ಒಂದು ಸ್ಥಾನ ಕೂದಲೆಳೆಯಲ್ಲಿ ತಪ್ಪಿಹೋಯಿತು. ಎಣಿಕೆಯ ಮೇಜಿನ ಮೇಲೆ ಬೇರೆ ಎತ್ತಿಟ್ಟ ಒಂದು ಕಟ್ಟು ಚೀಟಿ ಇತ್ತು. ಎಲ್ಲದರಲ್ಲೂ ನಡುಗುವ ಅಕ್ಷರದಲ್ಲಿ ಇಸೊಕಿಚಿ, ಇಸೊಕಿಚಿ, ಇಸೊಕಿಚಿ. ಆ ಹೆಸರಿನ ಅಭ್ಯರ್ಥಿಯೇ ಇಲ್ಲವೆಂದು ಅಷ್ಟನ್ನೂ ಕುಲಗೆಟ್ಟ ಓಟೆಂದು ತಳ್ಳಿದ್ದರು. ಅವು ಸೇರಿದ್ದರೆ ಮೇಷ್ಟ್ರು ಗೆದ್ದಂತೆಯೇ.

ಮುರೊಯ್ ಬಿಡುವವನಲ್ಲ. ಮುದುಕರು, ಪುಸ್ತಕದ ಹೆಸರೂ ನಿಮ್ಮ ಹೆಸರೂ ಕಲಸಿಕೊಂಡಿದ್ದಾರೆ, ಇಸೊಕಿಚಿ ಅಂತ ಬರೆದದ್ದು ಹೊಸೊಮಿ ಮೇಷ್ಟ್ರನ್ನೇ ಅಂತ ಕಿನುಯೊ ಅಜ್ಜಿ ಬಂದು ಒಂದು ಮಾತು ಹೇಳಲಿ, ಆಕ್ಷೇಪಣೆ ಹಾಕಿ ಗೆಲ್ಲಿಸುವ ಜವಾಬ್ದಾರಿ ನನ್ನದು ಎಂದ. ಮೇಷ್ಟ್ರಿಗೂ ಅದೇ ಸರಿ ಕಂಡಿತು. ಮಧ್ಯಾಹ್ನದ ದೋಣಿ ಹತ್ತಿ ನಬೆಶಿಮಾಕ್ಕೆ ಹೊರಟರು.

ಕಿನುಯೊ ಅಂಗಳದಲ್ಲಿ ಹಗ್ಗಕ್ಕೆ ಆಕ್ಟೋಪಸ್ ಒಣಹಾಕುತ್ತಿದ್ದಳು. ಮೇಷ್ಟ್ರನ್ನು ಒಳಗೆ ಕೂರಿಸಿ ಚಹಾ ಕೊಟ್ಟಳು, ಕಿತ್ತಳೆ ಸುಲಿದು ಮುಂದಿಟ್ಟಳು, ರಿಟ್ಸುವಿನ ಮಂಡಿನೋವು ವಿಚಾರಿಸಿದಳು. ಬಂದ ವಿಷಯ ಹೇಳಿದಾಗ 'ಹೂಂ, ಹೂಂ' ಎಂದು ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ಗೊತ್ತಾಗದೆ ಇವರು ಇನ್ನೊಮ್ಮೆ ಹೇಳಿದರು. ಮತ್ತೂ 'ಹೂಂ' ಎಂದಳು. ಹೊರಗೆ ಬಿಸಿಲು ಇಳಿದಿತ್ತು. ಮೇಷ್ಟ್ರು ಗಡಿಯಾರ ನೋಡಿ ಗಡಬಡಿಸಿ ಎದ್ದರು.

"ಸಂಜೆ ದೋಣಿ ಹಿಡೀಬೇಕು ದೊಡ್ಡಮ್ಮಾ, ಬರ್ತೀನಿ."

"ಯಾವ ದೋಣಿ ಮೇಷ್ಟ್ರೇ?" ಎಂದಳು ಕಿನುಯೊ.

ಮೇಷ್ಟ್ರ ಒಂದು ಕಾಲು ಬೂಟಿನೊಳಗಿತ್ತು. ಹಾಗೇ ನಿಂತುಬಿಟ್ಟರು. ಅಷ್ಟು ಹೊತ್ತೂ ಮೇಷ್ಟ್ರೇ ಎನ್ನುತ್ತಿದ್ದ ಮುದುಕಿ ಆಗ ಹಳೆಯ ಹೆಸರಿನಿಂದ ಕರೆದಳು.

"ಕೂತ್ಕೋ ಶುಂಜಿ. ನನ್ನ ತಂಗಿ ಆ ಕಡೆ ಆಸ್ಪತ್ರೆಯಲ್ಲಿ ಸಾಯ್ತಿದ್ದಾಗ ನಾನೂ ಹೀಗೇ ಬಾಗಿಲಲ್ಲಿ ನಿಂತಿದ್ದೆ. ಮಾರನೇ ದಿನ ಬೆಳಿಗ್ಗೆ ದೋಣೀಲಿ ನಿನ್ನ ಸಂತಾಪದ ತಂತಿ ಬಂತು. ಎಷ್ಟು ಚೆನ್ನಾಗಿ ಬರೆದಿದ್ದೆ ಅಂತೀಯ, ಓದಿ ಅತ್ತೆ."

ಮೇಷ್ಟ್ರಿಗೆ ತಂತಿ ಕಳಿಸಿದ ನೆನಪಿತ್ತು. ಆ ವಾಕ್ಯವನ್ನು ಎರಡು ಸಲ ತಿದ್ದಿದ್ದೂ ನೆನಪಿತ್ತು. ಸಂಜೆ ದೋಣಿಗೂ ಆ ಸಾವಿಗೂ ಸಂಬಂಧವಿರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಕೊನೆಗೆ, ಸಿಟ್ಟಿಗೆ ಹಾಗೆ ಬರೆದಿರಾ, ಇಲ್ಲ ನಿಜವಾಗಿಯೂ ಹೆಸರು ಕಲಸಿಹೋಯಿತಾ ಎಂದು ತೊದಲಿದರು.

"ಸಿಟ್ಟೂ ಇಲ್ಲ, ಕಲಸಿಹೋಗಿದ್ದೂ ಇಲ್ಲ. ಯಾರೂ ಕೂತು ಮಾತಾಡ್ಕೊಂಡದ್ದೂ ಅಲ್ಲ. ನಾನು ಬರೆದೆ, ಪಕ್ಕದ ಮನೆಯೋರೂ ಅದನ್ನೇ ಬರೆದಿದ್ದರು ಅಂತ ಆಮೇಲೆ ಗೊತ್ತಾಯ್ತು. ಹೋದ ಸಲ ಹಾಕಿದ್ದೂ ನಮ್ಮ ಯಜಮಾನ್ರಿಗೇ ಕಣೋ. ಚೀಟೀಲಿ ನಿನ್ನ ಹೆಸರು ಬರೆದಿದ್ವಿ, ಅಷ್ಟೇ."

ನಮ್ಮ ಕಡೆಯ ರೂಢಿಯ ಹಾಗೆ ಅನ್ನದ ಮೇಲೆ ಬಿಸಿ ಚಹಾ ಸುರಿದು ಇಬ್ಬರೂ ಉಂಡರು. ಗಂಡನ ಹಾಸಿಗೆಯನ್ನು ಅಟ್ಟದಿಂದಿಳಿಸಿ ಕೊಡವಿ ಹಾಸಿದಳು.

ಬೆಳಿಗ್ಗೆ ದೋಣಿ ಕಟ್ಟೆಗೆ ತಾಗುವ ಮುಂಚೆಯೇ ಮುರೊಯ್ ಕಾಯುತ್ತಾ ನಿಂತಿದ್ದ. ಅಜ್ಜಿ ಒಪ್ಪಿದಳಾ, ಆಕ್ಷೇಪಣೆ ಹಾಕೋಣವಾ ಎಂದು ಒಂದೇ ಉಸಿರಿನಲ್ಲಿ ಕೇಳಿದ. ಬೇಡ, ಅವು ನನ್ನ ಓಟಲ್ಲ ಎಂದರು ಮೇಷ್ಟ್ರು. ಮುರೊಯ್‌ಗೆ ತಲೆಬುಡ ತಿಳಿಯಲಿಲ್ಲ. ಸ್ಥಾನ ಹೋದರೆ ಉಳಿದ ದೋಣಿಯೂ ಹೋದಂತೆ, ತಲೆ ನೆಟ್ಟಗಿದೆಯಾ ಎಂದು ರೇಗಿದ. ಅದೂ ಸುಳ್ಳಲ್ಲ ಎಂಬುದೇ ಮೇಷ್ಟ್ರನ್ನು ಹಿಂಡುತ್ತಿತ್ತು.

"ಹಾಗಾದ್ರೆ ಆ ದ್ವೀಪದಲ್ಲಿ ನಿಮಗೆ ಅಂತ ಬಿದ್ದ ಓಟು ಎಷ್ಟು ಮೇಷ್ಟ್ರೇ?"

"ಒಂದೂ ಇಲ್ಲ," ಎಂದರು ಹೊಸೊಮಿ. "ಹೋದ ಸಲವೂ ಇರಲಿಲ್ಲ."